ಎವೆಯಿಕ್ಕದೆ ನೋಡಿದರೆ ಚುಕ್ಕಿಯೂ ಒಳಗುಟ್ಟು ಹೇಳುತ್ತದೆ

ಪ್ರಶ್ನೆ: ನಾನು ತಿಪಟೂರಿನ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ತರಗತಿಯಲ್ಲಿ ನಕ್ಷತ್ರಗಳ ವಯಸ್ಸಿನ ಮಾತು ಬಂತು. ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದ್ರೂ ನಕ್ಷತ್ರ ಬರೀ ಚುಕ್ಕಿ ಅಂತ ನೀವೇ ಹೇಳಿದ್ರಿ. ಚುಕ್ಕಿ ನೋಡಿ ವಯಸ್ಸು ಹೇಗೆ ಹೇಳ್ತಾರೆ? ಸುಮ್ನೆ ಅಂದಾಜಾ?" ಎಂದಳು. ಉಪಗ್ರಹಗಳಿಂದ ನಕ್ಷತ್ರದ ಬೆಳಕು ಅಳೆದು ಅದರ ಮಿಡಿತ ಕೇಳುತ್ತಾರೆ ಎಂದು ಓದಿದ್ದೆ. ಆದರೆ ಬಿಡಿಸಿ ಹೇಳಲು ಆಗಲಿಲ್ಲ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲದಿರುವಾಗ ಸದ್ದು ಎಲ್ಲಿಂದ ಬಂತು? ಬೆಳಕು ಅಳೆಯಲು ಉಪಗ್ರಹವೇ ಯಾಕೆ ಬೇಕು?

ಉತ್ತರ: ಮೇಡಂ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಭಾಷ್ ಹೇಳಿ. ಅವಳು ಕೈ ಇಟ್ಟಿರುವುದು ಈ ಶಾಸ್ತ್ರದ ತಾಯಿಬೇರಿಗೆ. ನಕ್ಷತ್ರ ಚುಕ್ಕಿಯೇ, ಅದರಲ್ಲಿ ಅನುಮಾನವಿಲ್ಲ. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಅವಳು ಇದೇ ಪ್ರಶ್ನೆ ಕೇಳಿದ್ದರೆ, ಒಂಟಿಯಾಗಿರುವ ನಕ್ಷತ್ರಗಳ ಮಟ್ಟಿಗೆ "ಬಹುಪಾಲು ಅಂದಾಜೇ ಮಗು" ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಈಗ ಹಾಗಿಲ್ಲ. ಇಷ್ಟು ಬದಲಾಗಲು ಒಂದೇ ಕಾರಣ: ಒಂದೇ ಚುಕ್ಕಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಎವೆಯಿಕ್ಕದೆ ನೋಡುವುದು ನಮಗೆ ಸಾಧ್ಯವಾಯಿತು.

ನೀವು ತಿಪಟೂರು ಸೀಮೆಯವರು. ಹಾಗಾಗಿ ಕೊಬ್ಬರಿಯಿಂದಲೇ ಶುರು ಮಾಡುತ್ತೇನೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಕಾಯಿ ಗಿಟುಕಾಗಿದೆಯೋ ಇಲ್ಲವೋ ಎಂದು ನೋಡಲು ಯಾರೂ ಅದನ್ನು ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರಿದ್ದರೆ ಒಂದು ಸದ್ದು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಬೇರೆಯೇ ಸದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಒಳಗೆ ಏನಿದೆ, ಎಷ್ಟು ದಿನದ್ದು ಎಂಬುದನ್ನು ಸದ್ದು ಹೇಳುತ್ತದೆ. ನಕ್ಷತ್ರದ ವಿಷಯದಲ್ಲಿ ನಾವು ಮಾಡುವುದೂ ಇದನ್ನೇ. ಅಲ್ಲಾಡಿಸುವ ಕೆಲಸ ಮಾತ್ರ ನಮಗಿಲ್ಲ. ಅದು ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿರುತ್ತದೆ.

ಯಾಕೆ ಅಲ್ಲಾಡುತ್ತದೆ? ನಮ್ಮ ಸೂರ್ಯನನ್ನೇ ತಗೊಳ್ಳಿ. ಮೇಲ್ಮೈಯಿಂದ ಒಳಕ್ಕೆ ಅದರ ತ್ರಿಜ್ಯದ ಸುಮಾರು 29 ಶೇಕಡಾದಷ್ಟು ಆಳದವರೆಗೆ ಅನಿಲ ಒಲೆಯ ಮೇಲಿನ ಹುಳಿಯ ಹಾಗೆ ಕೊತಕೊತ ಕುದಿಯುತ್ತಿದೆ. ಬಿಸಿ ಅನಿಲ ಮೇಲೆ ಬರುತ್ತದೆ, ಶಾಖ ಬಿಟ್ಟು ಕೆಳಗಿಳಿಯುತ್ತದೆ. ಈ ಕುದಿತ ಸೂರ್ಯನ ಮೈಯನ್ನು ಬಿಡದೆ ತಟ್ಟುತ್ತಿರುತ್ತದೆ. ಆ ತಟ್ಟುವಿಕೆಗೆ ತಾಳವಿಲ್ಲ. ಆದರೂ ಅದರಿಂದ ಏಳುವ ಸದ್ದಿಗೆ ಶ್ರುತಿ ಇದೆ. ಮಳೆಗಾಲದಲ್ಲಿ ಅಂಗಳದಲ್ಲಿ ಬೋರಲು ಹಾಕಿದ ಹಿತ್ತಾಳೆ ಕೊಳಗವನ್ನು ನೆನಪಿಸಿಕೊಳ್ಳಿ. ಹನಿಗಳು ಹೇಗೆಂದರೆ ಹಾಗೆ ಬೀಳುತ್ತವೆ. ಕೊಳಗ ಮಾತ್ರ ತನ್ನದೇ ಸ್ವರದಲ್ಲಿ ನುಡಿಯುತ್ತದೆ. ಪಕ್ಕದಲ್ಲಿ ಒಂದು ಚೊಂಬು ಇದ್ದರೆ, ಅದೇ ಮಳೆಗೆ ಅದರ ಸ್ವರ ಬೇರೆ.

ಈಗ ನಿಮ್ಮ ಎರಡನೇ ಪ್ರಶ್ನೆ, ಗಾಳಿಯಿಲ್ಲದೆ ಸದ್ದು ಹೇಗೆ ಎಂಬುದು. ಸದ್ದು ಇರುವುದು ನಕ್ಷತ್ರದ ಒಳಗೆ. ಅಲ್ಲಿ ಅನಿಲಕ್ಕೇನೂ ಬರವಿಲ್ಲ. ಆ ಸದ್ದು ಹೊರಗಿನ ಶೂನ್ಯಕ್ಕೆ ದಾಟುವುದಿಲ್ಲ. ನಮ್ಮವರೆಗೆ ಸುದ್ದಿ ತರುವುದು ಬೆಳಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ಮಕ್ಕಳು ಕೈಯಾರೆ ಮುಟ್ಟಿ ನೋಡಿರುತ್ತಾರೆ. ಅನಿಲವನ್ನು ಒತ್ತಿದರೆ ಬಿಸಿ, ಸಡಿಲ ಬಿಟ್ಟರೆ ತಂಪು. ಸದ್ದಿನ ಅಲೆ ಅಂದರೆ ಒತ್ತುವುದು, ಸಡಿಲಿಸುವುದು, ಮತ್ತೆ ಒತ್ತುವುದು, ಅಷ್ಟೇ ಅಲ್ವಾ. ಹೀಗೆ ಬಿಸಿಯಾದಾಗ ನಕ್ಷತ್ರದ ಮೇಲ್ಮೈ ಒಂದು ಎಳೆಯಷ್ಟು ಜಾಸ್ತಿ ಹೊಳೆಯುತ್ತದೆ. ತಂಪಾದಾಗ ಒಂದು ಎಳೆ ಮಂಕಾಗುತ್ತದೆ. ಸದ್ದನ್ನು ನಾವು ಕಣ್ಣಿನಿಂದ ಕೇಳುತ್ತೇವೆ.

ಸೂರ್ಯನ ಮೈ ಹೀಗೆ ಸುಮಾರು ಐದು ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ. ಇದನ್ನು 1960ರಲ್ಲಿ ಕಂಡುಹಿಡಿದವರು ರಾಬರ್ಟ್ ಲೈಟನ್, ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ. ಈ ಬೆಟ್ಟದ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ನಮ್ಮ ಕಿವಿಗೆ ಕೇಳಬೇಕಾದರೆ ಸೆಕೆಂಡಿಗೆ 20 ಸಲವಾದರೂ ಮಿಡಿಯಬೇಕು. ಸೂರ್ಯನ ಸ್ವರ ಅದಕ್ಕಿಂತ ಸುಮಾರು ಹದಿಮೂರು ಸ್ಥಾಯಿ ಕೆಳಗಿದೆ. ಸ್ವರವೂ ಒಂದಲ್ಲ, ಸೂರ್ಯನಲ್ಲಿ ಸಾವಿರಾರು ಸ್ವರಗಳು ಒಟ್ಟಿಗೆ ನುಡಿಯುತ್ತಿವೆ. ದೂರದ ನಕ್ಷತ್ರ ಚುಕ್ಕಿಯಾದ್ದರಿಂದ ಅವುಗಳಲ್ಲಿ ಬಹುಪಾಲು ನಮಗೆ ಸಿಗುವುದಿಲ್ಲ. ಮೈಯ ಒಂದು ಕಡೆ ಹೊಳಪು, ಪಕ್ಕದಲ್ಲೇ ಮಂಕು ಇದ್ದರೆ ಒಟ್ಟು ಬೆಳಕಿನಲ್ಲಿ ಎರಡೂ ವಜಾ ಆಗುತ್ತವೆ. ಇಡೀ ಮೈ ಒಟ್ಟಿಗೆ ಉಬ್ಬಿ ತಗ್ಗುವ ಸ್ವರಗಳು, ಇಲ್ಲವೇ ಮೈಯನ್ನು ಎರಡು-ಮೂರು ದೊಡ್ಡ ಪಾಲು ಮಾಡಿ ಮಿಡಿಯುವ ಸ್ವರಗಳು ಮಾತ್ರ ಉಳಿಯುತ್ತವೆ. ನಮ್ಮ ಅದೃಷ್ಟ ನೋಡಿ, ನಕ್ಷತ್ರದ ಗರ್ಭದವರೆಗೂ ಇಳಿದು ಬರುವ ಸ್ವರಗಳೇ ಅವು.

ಕಷ್ಟ ಇರುವುದು ಅಳತೆಯಲ್ಲಿ. ಸೂರ್ಯನಂಥ ನಕ್ಷತ್ರದಲ್ಲಿ ಒಂದು ಸ್ವರದಿಂದ ಬೆಳಕು ಹೆಚ್ಚುಕಮ್ಮಿಯಾಗುವುದು ಹತ್ತು ಲಕ್ಷದಲ್ಲಿ ಮೂರು-ನಾಲ್ಕು ಪಾಲು. ಹತ್ತು ಲಕ್ಷ ರೂಪಾಯಿಯ ಗಂಟಿನಲ್ಲಿ ನಾಲ್ಕು ರೂಪಾಯಿ ಕಡಿಮೆ ಇದೆ ಎಂದು ಎಣಿಸದೆ ಹೇಳಬೇಕು. ನೆಲದ ಮೇಲೆ ಕೂತು ಇದನ್ನು ಮಾಡಲು ಗಾಳಿ ಬಿಡುವುದಿಲ್ಲ. ನಕ್ಷತ್ರ ಮಿನುಗುತ್ತದೆ ಎಂದು ನಾವು ಹಾಡು ಕಟ್ಟುತ್ತೇವಲ್ಲ, ಆ ಮಿನುಗು ನಕ್ಷತ್ರದ್ದಲ್ಲ, ನಮ್ಮ ಗಾಳಿಯದ್ದು. ನಮಗೆ ಬೇಕಾದ ಮಿಡಿತ ಅದರ ಕೆಳಗೆ ಹೂತುಹೋಗುತ್ತದೆ.

ಗಾಳಿಗಿಂತ ದೊಡ್ಡ ತೊಂದರೆ ಹಗಲು. ಇದನ್ನು ನಾನು ಮೈಮೇಲೆ ಹಾಕಿಕೊಂಡು ಕಲಿತವನು. ವಿದ್ಯಾರ್ಥಿಯಾಗಿದ್ದಾಗ ಒಂದು ನಕ್ಷತ್ರದ ಬೆನ್ನು ಹತ್ತಿ ಬೆಟ್ಟದ ಮೇಲೆ ಹತ್ತು ರಾತ್ರಿ ಕಳೆದೆ. ನಾಲ್ಕು ರಾತ್ರಿ ಮೋಡ. ಉಳಿದ ಆರು ರಾತ್ರಿಯ ಅಳತೆ ಇಟ್ಟುಕೊಂಡು ಲೆಕ್ಕ ಹಾಕಿದರೆ ಒಂದು ಮಿಡಿತದ ಜಾಗದಲ್ಲಿ ಐದಾರು ಮಿಡಿತ ಕಂಡವು. ಯಾವುದು ನಿಜ, ಯಾವುದು ನೆರಳು ಎಂದು ಹೇಳಲಾಗದೆ ತಿಂಗಳುಗಟ್ಟಲೆ ಒದ್ದಾಡಿದೆ. ಯಾಕೆ ಹೀಗಾಗುತ್ತದೆ ಎಂದು ಮಕ್ಕಳಿಗೆ ಗೋಡೆ ಗಡಿಯಾರದಿಂದ ತೋರಿಸಬಹುದು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಮಾತ್ರ ಒಂದು ಗಡಿಯಾರವನ್ನು ನೋಡುವವನಿಗೆ ಮುಳ್ಳು ಯಾವಾಗಲೂ ಅಲ್ಲೇ ಕಾಣುತ್ತದೆ. ಅದು ದಿನಕ್ಕೆ ಎರಡು ಸುತ್ತು ಹಾಕಿತೋ, ಮೂರು ಹಾಕಿತೋ, ಕೆಟ್ಟು ನಿಂತೇ ಹೋಗಿದೆಯೋ, ಅವನು ಹೇಗೆ ಹೇಳಬೇಕು? ರಾತ್ರಿ ಮಾತ್ರ ನೋಡುವ ನಮ್ಮ ಗತಿಯೂ ಅದೇ.

ಇದಕ್ಕೆ ಹಿಂದೆಯೂ ದಾರಿ ಹುಡುಕಿದ್ದರು. ಒಂದು ಊರಿನಲ್ಲಿ ಬೆಳಗಾಗುವ ಹೊತ್ತಿಗೆ ಇನ್ನೊಂದು ಊರಿನಲ್ಲಿ ಕತ್ತಲಾಗಿರುತ್ತದಲ್ಲ. ಹಾಗಾಗಿ ಭೂಮಿಯ ಸುತ್ತ ಇರುವ ವೀಕ್ಷಣಾಲಯಗಳು ಸರದಿಯ ಮೇಲೆ ಒಂದೇ ನಕ್ಷತ್ರವನ್ನು ಕಾಯುವ ಏರ್ಪಾಟು 1980ರ ದಶಕದಲ್ಲಿ ಶುರುವಾಯಿತು. ಹೋಲ್ ಅರ್ಥ್ ಟೆಲಿಸ್ಕೋಪ್ ಎಂದು ಅದರ ಹೆಸರು. ಜವಾದಿ ಬೆಟ್ಟದ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇದೆಯಲ್ಲ, ಅದೂ ಆ ಕಾವಲಿನಲ್ಲಿ ಪಾಲ್ಗೊಂಡಿತ್ತು. ಬೆಂಗಳೂರಿನ ಇಸ್ರೋ ವಿಜ್ಞಾನಿಗಳು ಅಲ್ಲಿ ನಕ್ಷತ್ರಗಳ ಬೆಳಕು ಅಳೆದಿದ್ದಾರೆ. ಸೂರ್ಯನಿಗೂ ಇಂಥದ್ದೇ ಒಂದು ಜಾಲವಿದೆ. ಆರು ಊರುಗಳಲ್ಲಿ ಒಂದು ನಮ್ಮ ಉದಯಪುರ. 1995ರಿಂದ ಆ ಜಾಲದಲ್ಲಿ ಸೂರ್ಯ ಮುಳುಗುವುದೇ ಅಪರೂಪ. ಆದರೂ ಸೂರ್ಯನಂಥ ದೂರದ ನಕ್ಷತ್ರಗಳ ನಾಲ್ಕು ರೂಪಾಯಿ ಲೆಕ್ಕಕ್ಕೆ ಗಾಳಿಯನ್ನು ದಾಟಿ ಮೇಲೆ ಹೋಗದೆ ಗತಿ ಇರಲಿಲ್ಲ.

ಮೇಲೆ ಹೋದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವೈರ್ ಎಂಬ ಉಪಗ್ರಹದ್ದು. 1999ರ ಮಾರ್ಚ್‌ನಲ್ಲಿ ನಾಸಾ ಅದನ್ನು ಹಾರಿಸಿದ್ದು ಅವಗೆಂಪು ಬೆಳಕಿನಲ್ಲಿ ಗೆಲಾಕ್ಸಿಗಳನ್ನು ನೋಡಲೆಂದು. ಮೇಲೆ ಹೋದ ಕೂಡಲೇ ದೂರದರ್ಶಕದ ಮುಚ್ಚಳ ಹೊತ್ತಿಗೆ ಮುಂಚೆ ಕಳಚಿತು. ಉಪಕರಣವನ್ನು ತಣ್ಣಗಿಡಬೇಕಾದ ಘನ ಹೈಡ್ರೋಜನ್ ಎಲ್ಲ ಆವಿಯಾಗಿ ಹೋಯಿತು. ಮುಖ್ಯ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ದಿಕ್ಕು ಗುರುತಿಸಲೆಂದು ಅದರ ಮೈಗೆ ಒಂದು ಪುಟ್ಟ ಕ್ಯಾಮೆರಾ ಕೂರಿಸಿದ್ದರು. ಅದರ ಮಸೂರ ಬರೀ 52 ಮಿಲಿಮೀಟರ್, ಅಂದರೆ ಎರಡು ಅಂಗುಲ. ಡೆರೆಕ್ ಬುಜಾಸಿ ಎಂಬ ಖಗೋಳಜ್ಞರು ಆ ಕ್ಯಾಮೆರಾವನ್ನೇ ನಕ್ಷತ್ರಗಳ ಕಡೆ ತಿರುಗಿಸಿ ಬೆಳಕು ಅಳೆಯತೊಡಗಿದರು. ಎರಡು ಅಂಗುಲದ ಆ ಕಣ್ಣು, ನೆಲದ ಮೇಲಿನ ದೊಡ್ಡ ದೊಡ್ಡ ದೂರದರ್ಶಕಗಳಿಗೆ ಸಿಗದ ಮಿಡಿತಗಳನ್ನು ಹಿಡಿದುಕೊಟ್ಟಿತು. ನಮ್ಮ ಶ್ರವಣ ನಕ್ಷತ್ರ, ಇಂಗ್ಲಿಷಿನಲ್ಲಿ ಆಲ್ಟೇರ್ ಎನ್ನುವುದು, ಮಿಡಿಯುತ್ತದೆ ಎಂದು ಗೊತ್ತಾದದ್ದು ಹೀಗೆಯೇ, 2005ರಲ್ಲಿ. ಕಮ್ಮಿಯೆಂದರೂ ಏಳು ಸ್ವರ, ಎಲ್ಲವೂ ಸಾವಿರದಲ್ಲಿ ಒಂದು ಪಾಲಿಗಿಂತ ಸಣ್ಣವು. ಶ್ರವಣ ಅಂದರೆ ಕೇಳುವುದು ತಾನೇ. ಈ ಹೆಸರಿನ ನಕ್ಷತ್ರವೇ ನುಡಿಯಿತಲ್ಲ ಎಂದು ನನಗೆ ಆವತ್ತು ಆದ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ.

ಅದರ ಹಿಂದೆ ಮುಂದೆ ಬೇರೆಯವೂ ಹೋದವು. 2003ರಲ್ಲಿ ಕೆನಡಾದ ಮೋಸ್ಟ್, 2006ರ ಕೊನೆಯಲ್ಲಿ ಫ್ರಾನ್ಸಿನ ಮುಂದಾಳತ್ವದ ಕೋರೋ. ಆದರೆ ಬಾಗಿಲು ಅಗಲವಾಗಿ ತೆರೆದದ್ದು ಕೆಪ್ಲರ್. 2009ರ ಮಾರ್ಚ್‌ನಲ್ಲಿ ಹಾರಿದ ಈ ದೂರದರ್ಶಕ ಭೂಮಿಯ ಹಿಂದೆ ಹಿಂದೆ ಸೂರ್ಯನನ್ನು ಸುತ್ತುತ್ತಾ, ರಾಜಹಂಸ ಮತ್ತು ವೀಣೆ ನಕ್ಷತ್ರಪುಂಜಗಳ ನಡುವಿನ ಒಂದೇ ತುಂಡು ಆಕಾಶವನ್ನು ನಾಲ್ಕು ವರ್ಷ ನೋಡಿತು. ಚಾಚಿದ ಕೈಯ ಅಂಗೈಯಷ್ಟು ಜಾಗ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರ. ಹೆಚ್ಚಿನವಕ್ಕೆ ಅರ್ಧ ಗಂಟೆಗೊಂದು ಅಳತೆ, ಆಯ್ದ ಕೆಲವು ನೂರಕ್ಕೆ ನಿಮಿಷಕ್ಕೊಂದು. ಕೆಪ್ಲರ್ ಮಾಡಿದ್ದು ಗ್ರಹ ಹುಡುಕಲು. ಗ್ರಹ ಅಡ್ಡ ಬಂದಾಗ ನಕ್ಷತ್ರ ಎಷ್ಟು ಮಂಕಾಯಿತು ಎಂಬುದನ್ನು ಹಿಡಿಯುವ ಕಣ್ಣಿಗೆ ಮಿಡಿತವೂ ಸಿಕ್ಕಿಯೇ ಸಿಗುತ್ತದೆ.

ಇಷ್ಟು ಅಳತೆ ಬಂದ ಮೇಲೆ ಏನು ಮಾಡುತ್ತಾರೆ? ಕಚೇರಿಯಲ್ಲಿ ಪಿಟೀಲು, ಮೃದಂಗ, ಘಟ, ತಂಬೂರಿ ಎಲ್ಲ ಒಟ್ಟಿಗೆ ನುಡಿಯುತ್ತಿದ್ದರೂ ನಮ್ಮ ಕಿವಿ ಒಂದೊಂದನ್ನೂ ಬೇರೆ ಮಾಡಿಕೊಳ್ಳುತ್ತದೆ. ಆ ಕೆಲಸವನ್ನು ಇಲ್ಲಿ ಫೂರಿಯರ್ ವಿಶ್ಲೇಷಣೆ ಎಂಬ ಗಣಿತ ಮಾಡುತ್ತದೆ. ಬೆಳಕಿನ ಏರಿಳಿತವನ್ನು ಕೊಟ್ಟರೆ, ಯಾವ ಯಾವ ಆವೃತ್ತಿಯ ಸ್ವರ ಎಷ್ಟೆಷ್ಟು ಜೋರಾಗಿದೆ ಎಂದು ಬಿಡಿಸಿ ಕೊಡುತ್ತದೆ. ಹೆಚ್ಚು ಹೊತ್ತು ನೋಡುವುದರ ಬೆಲೆ ಇಲ್ಲಿ ತಿಳಿಯುತ್ತದೆ. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಹೆಚ್ಚುಕಮ್ಮಿ ಕೂಡಿದ್ದರೆ ನಾದದಲ್ಲಿ ನಿಧಾನವಾಗಿ ಒಂದು ಅಲೆ ಏಳುತ್ತದೆ. ವ್ಯತ್ಯಾಸ ಸಣ್ಣದಾದಷ್ಟೂ ಅಲೆ ನಿಧಾನ, ಕಾಯುವ ಹೊತ್ತು ಜಾಸ್ತಿ. ನಕ್ಷತ್ರದ ಅಕ್ಕಪಕ್ಕದ ಎರಡು ಸ್ವರಗಳನ್ನು ಬೇರೆ ಮಾಡಲು ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು. ಗದ್ದಲವೂ ಅಷ್ಟೇ. ಅದಕ್ಕೆ ಲಯವಿಲ್ಲದ್ದರಿಂದ ಕೂಡುತ್ತಾ ಹೋದಂತೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಲಯವಿರುವ ಮಿಡಿತ ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ.

ಹೀಗೆ ಬಿಡಿಸಿದ ಸ್ವರಗಳನ್ನು ಹಾಳೆಯ ಮೇಲೆ ಬರೆದರೆ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತವೆ, ಹೆಚ್ಚುಕಮ್ಮಿ ಸಮ ಅಂತರದಲ್ಲಿ. ಈಗ ಒಂದು ನಿಜವಾದ ನಕ್ಷತ್ರದ ಲೆಕ್ಕ ಮಾಡೋಣ. ಮಕ್ಕಳು ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು.

ನಕ್ಷತ್ರದ ಹೆಸರು 16 ಸಿಗ್ನಿ ಎ. ನಮ್ಮಿಂದ ಸುಮಾರು 69 ಜ್ಯೋತಿರ್ವರ್ಷ ದೂರ. ಕೆಪ್ಲರ್ ಇದನ್ನು ಸುಮಾರು ಎರಡೂವರೆ ವರ್ಷ ನಿಮಿಷಕ್ಕೊಮ್ಮೆ ಅಳೆದಿದೆ. ಇದರ ಬಾಚಣಿಗೆಯ ಹಲ್ಲುಗಳ ಅಂತರ 103.3 ಮೈಕ್ರೋಹರ್ಟ್ಸ್ (ಒಂದು ಮೈಕ್ರೋಹರ್ಟ್ಸ್ ಅಂದರೆ ಹತ್ತು ಲಕ್ಷ ಸೆಕೆಂಡಿಗೆ ಒಂದು ಮಿಡಿತ). ಸೂರ್ಯನದ್ದು 135.1. ಈ ಅಂತರಕ್ಕೆ ಬಹಳ ಸರಳವಾದ ಅರ್ಥ ಇದೆ. 1ನ್ನು ಇದರಿಂದ ಭಾಗಿಸಿದರೆ, ಸದ್ದು ನಕ್ಷತ್ರದ ಒಂದು ಬದಿಯಿಂದ ನಡುವಿನ ಮೂಲಕ ಇನ್ನೊಂದು ಬದಿಗೆ ದಾಟಲು ಬೇಕಾದ ಹೊತ್ತು ಬರುತ್ತದೆ. ಸೂರ್ಯನಿಗೆ ಎರಡು ಗಂಟೆ ಮೂರು ನಿಮಿಷ. 16 ಸಿಗ್ನಿ ಎಗೆ ಎರಡು ಗಂಟೆ ನಲವತ್ತೊಂದು ನಿಮಿಷ. ಅಂದರೆ ಇದು ಸೂರ್ಯನಿಗಿಂತ ದೊಡ್ಡದು ಎಂದು ಆಗಲೇ ವಾಸನೆ ಹೊಡೆಯಿತು. ಇನ್ನೊಂದು ಅಳತೆ, ಬಾಚಣಿಗೆಯಲ್ಲಿ ಎಲ್ಲಕ್ಕಿಂತ ಎತ್ತರದ ಹಲ್ಲುಗಳು ಇರುವ ಜಾಗ. ಸೂರ್ಯನಿಗೆ ಸುಮಾರು 3090, ಇದಕ್ಕೆ ಸುಮಾರು 2190 ಮೈಕ್ರೋಹರ್ಟ್ಸ್. ಇದು ಮೇಲ್ಮೈಯಲ್ಲಿ ಗುರುತ್ವ ಎಷ್ಟಿದೆ ಎಂದು ಹೇಳುತ್ತದೆ.

2190ನ್ನು 3090ರಿಂದ ಭಾಗಿಸಿ: 0.709. 103.3ನ್ನು 135.1ರಿಂದ ಭಾಗಿಸಿ: 0.765. ಇದರ ವರ್ಗ 0.585. ಮೊದಲನೆಯದನ್ನು ಈ ವರ್ಗದಿಂದ ಭಾಗಿಸಿದರೆ 1.21. ನಕ್ಷತ್ರದ ಉಷ್ಣತೆ ಸೂರ್ಯನಿಗಿಂತ ಒಂದು ಚೂರು ಹೆಚ್ಚು, ಅದಕ್ಕೆ ಸಣ್ಣ ತಿದ್ದುಪಡಿ ಮಾಡಿದರೆ 1.22. ಅಷ್ಟೇ, 16 ಸಿಗ್ನಿ ಎ ಸೂರ್ಯನ 1.22 ಪಟ್ಟು ಅಗಲ.

ಇದನ್ನು ನಂಬುವುದು ಹೇಗೆ? ಲೈಟನ್ ಸೂರ್ಯನ ಮಿಡಿತ ಕಂಡ ಅದೇ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಈಗ ಚಾರಾ ಎಂಬ ಏರ್ಪಾಟು ಇದೆ. ದೂರ ದೂರ ಇಟ್ಟ ಆರು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸಿ, ಹತ್ತಿರದ ಕೆಲವು ನಕ್ಷತ್ರಗಳ ಅಗಲವನ್ನು ಅದು ನೇರವಾಗಿ ಅಳೆಯುತ್ತದೆ. ಸದ್ದಿಗೂ ಆ ಅಳತೆಗೂ ಏನೂ ಸಂಬಂಧವಿಲ್ಲ. ಅದಕ್ಕೆ ಬಂದ ಉತ್ತರವೂ 1.22. ಈ ಎರಡು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಮಕ್ಕಳ ಮುಖ ನೋಡಿ, ಮೇಡಂ.

ಇನ್ನು ವಯಸ್ಸು. ನಕ್ಷತ್ರ ತನ್ನ ಗರ್ಭದಲ್ಲಿ ಹೈಡ್ರೋಜನ್ ಅನ್ನು ಹೀಲಿಯಂ ಮಾಡುತ್ತಾ ಬದುಕುತ್ತದೆ. ಒಲೆಯಲ್ಲಿ ಬೂದಿ ಕೂಡುವ ಹಾಗೆ ಗರ್ಭದಲ್ಲಿ ಹೀಲಿಯಂ ಕೂಡುತ್ತದೆ. ಒಲೆ ಎಷ್ಟು ಹೊತ್ತಿನಿಂದ ಉರಿಯುತ್ತಿದೆ ಎಂದು ಬೂದಿ ನೋಡಿ ಹೇಳಬಹುದು ತಾನೇ. ಹೀಲಿಯಂ ಭಾರ. ಅದು ಹೆಚ್ಚಿದಷ್ಟೂ ನಡುವಿನಲ್ಲಿ ಸದ್ದಿನ ವೇಗ ತಗ್ಗುತ್ತದೆ. ಕೆಲವು ಸ್ವರಗಳು ನಕ್ಷತ್ರದ ನಟ್ಟನಡುವೆ ಹಾದು ಹೋಗುತ್ತವೆ. ಇನ್ನು ಕೆಲವು ಗರ್ಭದ ಅಂಚಿನಲ್ಲೇ ತಿರುಗಿ ವಾಪಸ್ ಬರುತ್ತವೆ. ಬಾಚಣಿಗೆಯಲ್ಲಿ ಇವೆರಡೂ ಜೋಡಿಯಾಗಿ ಪಕ್ಕಪಕ್ಕ ಕೂತಿರುತ್ತವೆ. ಸೂರ್ಯನಲ್ಲಿ ಆ ಜೋಡಿಯ ನಡುವಿನ ಸಂದು ಸುಮಾರು 9 ಮೈಕ್ರೋಹರ್ಟ್ಸ್. ನಕ್ಷತ್ರಕ್ಕೆ ವಯಸ್ಸಾದಂತೆ ಈ ಸಂದು ಕಿರಿದಾಗುತ್ತದೆ. ಬೂದಿಯ ಅಳತೆ ಸಿಗುವುದು ಅಲ್ಲಿ.

ಅಂದಾಜಾ ಎಂದು ಕೇಳಿದವಳಿಗೆ ಈಗ ಉತ್ತರ ಕೊಡಬಹುದು. 16 ಸಿಗ್ನಿ ಎಗೆ ಒಂದು ಜೊತೆ ಇದೆ, 16 ಸಿಗ್ನಿ ಬಿ. ಎರಡೂ ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ಒಡಹುಟ್ಟುಗಳು. ಹಾಗಾಗಿ ವಯಸ್ಸು ಒಂದೇ ಇರಬೇಕು. ಟ್ರಾವಿಸ್ ಮೆಟ್‌ಕಾಫ್ ಮತ್ತು ಜೊತೆಗಾರರು 2012ರಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಒಂದರ ಉತ್ತರವನ್ನು ಇನ್ನೊಂದಕ್ಕೆ ತೋರಿಸಲಿಲ್ಲ, ಪಂಚಾಯಿತಿಯಲ್ಲಿ ಇಬ್ಬರು ಸಾಕ್ಷಿಗಳನ್ನು ದೂರ ದೂರ ಕೂರಿಸಿ ಕೇಳಿದ ಹಾಗೆ. ಇಬ್ಬರೂ ಹೇಳಿದ್ದು ಒಂದೇ, ಸುಮಾರು 680 ಕೋಟಿ ವರ್ಷ, 40 ಕೋಟಿ ಆಚೀಚೆ. ಹೆಚ್ಚು ಅಳತೆ ಸೇರಿಸಿ ಆಮೇಲೆ ಮಾಡಿದ ಲೆಕ್ಕದಲ್ಲಿ 700 ಕೋಟಿ. ಇದೇ ವಿಧಾನವನ್ನು ಸೂರ್ಯನ ಮೇಲೆ ಹಾಕಿದರೆ, ಉಲ್ಕಾಶಿಲೆಗಳಿಂದ ತಿಳಿದಿರುವ ಸುಮಾರು 457 ಕೋಟಿ ವರ್ಷದ ಆಸುಪಾಸಿಗೇ ಬರುತ್ತದೆ.

ಒಂದು ಮಾತು ಮುಚ್ಚಿಡಬಾರದು. ಅಗಲದ ಹಾಗೆ ವಯಸ್ಸು ನೇರ ಅಳತೆಯಲ್ಲ. ಕಂಪ್ಯೂಟರಿನಲ್ಲಿ ಸಾವಿರಾರು ನಕ್ಷತ್ರಗಳನ್ನು ಹುಟ್ಟಿಸಿ, ಬೆಳೆಸಿ, ಯಾವುದರ ಸ್ವರ ನಿಜವಾದದ್ದಕ್ಕೆ ಕೂಡುತ್ತದೆ ಎಂದು ಹೊಂದಿಸಿ ನೋಡುತ್ತಾರೆ. ನಕ್ಷತ್ರದ ಒಳಗೆ ಅನಿಲ ಹೇಗೆ ಬೆರೆಯುತ್ತದೆ ಎಂಬ ನಮ್ಮ ತಿಳಿವಳಿಕೆ ತಪ್ಪಿದ್ದರೆ ವಯಸ್ಸೂ ಜಾರುತ್ತದೆ. ಅದಕ್ಕೇ ಆ ಅವಳಿಗಳ ಸಾಕ್ಷಿ ಅಷ್ಟು ಬೆಲೆಯುಳ್ಳದ್ದು.

ಕೆಂಪು ದೈತ್ಯಗಳ ವಿಷಯ ಹೇಳದಿದ್ದರೆ ಈ ಉತ್ತರ ಅರ್ಧ. ರೋಹಿಣಿ, ಸ್ವಾತಿ ನಿಮ್ಮ ಮಕ್ಕಳಿಗೆ ಗೊತ್ತಿರುವ ಕೆಂಪು ದೈತ್ಯಗಳು. ಗರ್ಭದ ಹೈಡ್ರೋಜನ್ ಮುಗಿದು, ಉಬ್ಬಿ ನಿಂತ ಮುದಿ ನಕ್ಷತ್ರಗಳು. ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಗರ್ಭದ ಸುತ್ತಲಿನ ಪದರದಲ್ಲಿ ಮಾತ್ರ ಹೈಡ್ರೋಜನ್ ಉರಿಯುತ್ತಿರುತ್ತದೆ. ಇನ್ನೊಂದರಲ್ಲಿ ಗರ್ಭದೊಳಗೆ ಹೀಲಿಯಂಗೂ ಬೆಂಕಿ ಹತ್ತಿರುತ್ತದೆ. ಹೊರಗಿನಿಂದ ಬಣ್ಣ ಒಂದೇ, ಹೊಳಪು ಒಂದೇ, ಗಾತ್ರ ಒಂದೇ. ದಶಕಗಟ್ಟಲೆ ಯಾರಿಗೂ ಬಿಡಿಸಲಾಗಿರಲಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಟಿಮ್ ಬೆಡ್ಡಿಂಗ್ ಮತ್ತು ಸಂಗಡಿಗರು ಕೆಪ್ಲರ್ ಅಳತೆಗಳಲ್ಲಿ ಗರ್ಭದಿಂದಲೇ ಬರುವ ಒಂದು ಬಗೆಯ ಮಿಡಿತವನ್ನು ಹಿಡಿದರು. ಆ ಮಿಡಿತಗಳ ಅವಧಿಯ ನಡುವೆ 50 ಸೆಕೆಂಡಿನಷ್ಟು ಅಂತರವಿದ್ದರೆ ಮೊದಲ ಬಗೆ. 100ರಿಂದ 300 ಸೆಕೆಂಡ್ ಇದ್ದರೆ ಎರಡನೆಯದು. ಗಿಟುಕೋ ಹಸಿಕಾಯಿಯೋ ಎಂಬಷ್ಟು ಸ್ಪಷ್ಟ.

ಮರುವರ್ಷ ಇನ್ನೊಂದು ಬೆರಗು. ಅಂಥ ನಕ್ಷತ್ರಗಳ ಗರ್ಭ ಮೇಲ್ಮೈಗಿಂತ ಹತ್ತು ಪಟ್ಟಾದರೂ ಜೋರಾಗಿ ತಿರುಗುತ್ತಿದೆ ಎಂದು ಪಾಲ್ ಬೆಕ್ ಮತ್ತು ಸಂಗಡಿಗರು ತೋರಿಸಿದರು. ಗರ್ಭ ಕುಗ್ಗಿದರೆ ವೇಗ ಹೆಚ್ಚುವುದು ಸಹಜ. ಆದರೆ ಲೆಕ್ಕದ ಪ್ರಕಾರ ಅದು ಇನ್ನೂ ಎಷ್ಟೋ ಜೋರಾಗಿ ತಿರುಗಬೇಕಿತ್ತು. ಒಳಗೆ ಏನೋ ಒಂದು ಬ್ರೇಕ್ ಹಾಕುತ್ತಿದೆ. 2022ರಲ್ಲಿ ಮೂರು ಕೆಂಪು ದೈತ್ಯಗಳ ಗರ್ಭದಲ್ಲಿ ಬಲವಾದ ಕಾಂತಕ್ಷೇತ್ರ ಇರುವುದು ಇದೇ ಮಿಡಿತಗಳಿಂದ ಗೊತ್ತಾಯಿತು. ಬ್ರೇಕ್ ಅದೇ ಇರಬಹುದೇ ಎಂದು ಈಗ ಜೋರು ಚರ್ಚೆ ನಡೆಯುತ್ತಿದೆ. ನಿಮ್ಮ ಹುಡುಗಿ ಕಾಲೇಜು ಮುಗಿಸುವ ಹೊತ್ತಿಗೂ ಇಲ್ಲಿ ಕೆಲಸ ಬಾಕಿ ಇರುತ್ತದೆ.

ಕೆಪ್ಲರ್ 2018ರಲ್ಲಿ ಇಂಧನ ಮುಗಿದು ನಿಂತಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಟೆಸ್ ಈಗ ಹೆಚ್ಚುಕಮ್ಮಿ ಇಡೀ ಆಕಾಶವನ್ನು ಸುತ್ತಿ ನೋಡುತ್ತಿದೆ. ಒಂದೊಂದು ತುಂಡಿಗೆ 27 ದಿನ. ಕೆಪ್ಲರ್‌ನಷ್ಟು ತಾಳ್ಮೆ ಅದಕ್ಕಿಲ್ಲ, ಆದರೆ ನಾವು ಬರಿಗಣ್ಣಿಗೆ ಕಾಣುವ ನಕ್ಷತ್ರಗಳೂ ಅದರ ಪಾಲಿಗೆ ಬರುತ್ತವೆ. ಯುರೋಪಿನವರು 26 ಕ್ಯಾಮೆರಾಗಳ ಪ್ಲೇಟೋವನ್ನು ಕಟ್ಟಿದ್ದಾರೆ. ಗ್ರಹ ಹುಡುಕುವುದು, ಅದರ ನಕ್ಷತ್ರದ ವಯಸ್ಸು ಹೇಳುವುದು, ಎರಡನ್ನೂ ಒಟ್ಟಿಗೆ ಮಾಡುವ ಉದ್ದೇಶ. ಕೆಪ್ಲರ್ ಮತ್ತು ಟೆಸ್ ಅಳತೆಗಳು ಎಲ್ಲರಿಗೂ ಪುಕ್ಕಟೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತ ಯಾವ ವಿದ್ಯಾರ್ಥಿಯೂ ಲೈಟ್‌ಕರ್ವ್ ಎಂಬ ಉಚಿತ ತಂತ್ರಾಂಶದಿಂದ ಅವನ್ನು ಇಳಿಸಿಕೊಂಡು, 16 ಸಿಗ್ನಿಯ ಬಾಚಣಿಗೆಯನ್ನು ತಾನೇ ಬರೆದು ನೋಡಬಹುದು.

ಹೈಸ್ಕೂಲ್ ಮಕ್ಕಳಿಗೆ ಅಷ್ಟು ದೂರ ಹೋಗಬೇಕಿಲ್ಲ. ಬರಿಗಣ್ಣಿಗೆ ಕಾಣುವಷ್ಟು ಜೋರಾಗಿ ಮಿಡಿಯುವ ನಕ್ಷತ್ರಗಳೂ ಇವೆ. ಅವುಗಳ ಮಿಡಿತಕ್ಕೆ ಕಾರಣ ಬೇರೆ. ಮೇಲ್ಮೈಯ ಕೆಳಗಿನ ಹೀಲಿಯಂ ಪದರ ಕುಕ್ಕರ್ ವೆಯ್ಟ್‌ನ ಹಾಗೆ ಕೆಲಸ ಮಾಡುತ್ತದೆ. ಪದರ ಒತ್ತಿದಾಗ ಶಾಖವನ್ನು ತಡೆಹಿಡಿಯುತ್ತದೆ. ಒಳಗಿನ ಒತ್ತಡ ಏರಿ ನಕ್ಷತ್ರವನ್ನು ಉಬ್ಬಿಸುತ್ತದೆ. ಉಬ್ಬಿದಾಗ ಶಾಖ ಹೊರಗೆ ನುಗ್ಗುತ್ತದೆ, ನಕ್ಷತ್ರ ಮತ್ತೆ ಕುಗ್ಗುತ್ತದೆ. ಇಂಥವಕ್ಕೆ ಸೆಫೀಡ್ ಎಂದು ಹೆಸರು. ಮೊದಲು ಕಂಡದ್ದು ಈಟಾ ಅಕ್ವಿಲೇ, 1784ರಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ಪಿಗಟ್ ಕಣ್ಣಿಗೆ. ಅದು ಇರುವುದು ನಮ್ಮ ಶ್ರವಣದ ಪಕ್ಕದಲ್ಲೇ.

ಅಕ್ಟೋಬರ್ ತಿಂಗಳಲ್ಲಿ ಸಂಜೆ ಏಳು-ಏಳೂವರೆಗೆ ಮಕ್ಕಳನ್ನು ಅಂಗಳಕ್ಕೆ ಕರೆಯಿರಿ. ನೆತ್ತಿಯ ಹತ್ತಿರ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ, ನಡುವಿನ ಪ್ರಕಾಶವಾದದ್ದು ಶ್ರವಣ. ಅಲ್ಲಿಂದ ದಕ್ಷಿಣಕ್ಕೆ, ಚಾಚಿದ ಕೈಯ ಮುಷ್ಟಿಗಿಂತ ತುಸು ಕಡಿಮೆ ದೂರದಲ್ಲಿ ಈಟಾ ಇದೆ. ಒಂದು ನಕ್ಷತ್ರ ನಕ್ಷೆ ಇಟ್ಟುಕೊಂಡು ಅದೇ ಅಕ್ವಿಲಾ ಪುಂಜದ ಡೆಲ್ಟಾ, ಬೀಟಾ, ಅಯೋಟಾ ಗುರುತಿಸಿ. ಅವುಗಳ ಕಾಂತಿಮಾನ 3.4, 3.7, 4.4. ಸಂಖ್ಯೆ ಹೆಚ್ಚಿದಷ್ಟೂ ಮಂಕು ಎಂದು ಮೊದಲೇ ಹೇಳಿಬಿಡಿ. ಈಟಾ ಈ ಮೂರರಲ್ಲಿ ಯಾವುದಕ್ಕಿಂತ ಹೊಳಪು, ಯಾವುದಕ್ಕಿಂತ ಮಂಕು ಎಂದು ದಿನಾ ರಾತ್ರಿ ನೋಡಿ ಬರೆಯಲಿ. ಅದು 7.18 ದಿನಕ್ಕೊಂದು ಸುತ್ತು ಮಿಡಿಯುತ್ತದೆ. ಏರುವುದು ಬೇಗ, ಇಳಿಯುವುದು ನಿಧಾನ. ಹೊಳಪು ಸುಮಾರು ಎರಡು ಪಟ್ಟು ಬದಲಾಗುತ್ತದೆ. ಹಿಂಗಾರು ಮೋಡ ಕವಿದ ರಾತ್ರಿಗಳ ಜಾಗವನ್ನು ಹಾಗೇ ಖಾಲಿ ಬಿಡಿ, ಅಂದಾಜು ಮಾಡಿ ತುಂಬಬೇಡಿ. ಆರು ವಾರ ಆದ ಮೇಲೆ ಗ್ರಾಫ್ ಹಾಳೆಯನ್ನು 7.18 ದಿನದ ತುಂಡುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹಾಳೆಯ ಮೇಲೆ ಮೊದಲ ಚುಕ್ಕಿಯನ್ನು ಆ ಹುಡುಗಿಯ ಕೈಯಲ್ಲೇ ಇಡಿಸಿ.